‘ಯಾವಾಗ ಕೆಡುವುದಿಲ್ಲ?’: ಹಳೆಯ ಕಾರಿನ ದೋಷಪತ್ತೆಯಿಂದ ನೈದಾನಿಕ ಪರೀಕ್ಷೆಗೆ

ಬಿ.ಎಡ್. ಪ್ರಶಿಕ್ಷಣಾರ್ಥಿಗಳಾದ ನಾವೆಲ್ಲರೂ ‘ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ’ಯ ದಾಖಲೆ ಬರೆಯುತ್ತೇವೆ. ಪ್ರಶ್ನೆಪತ್ರಿಕೆ ಕೊಟ್ಟು, ತಪ್ಪುಗಳನ್ನು ಕೋಷ್ಟಕದಲ್ಲಿ ತುಂಬಿ, ಕೊನೆಯಲ್ಲಿ ‘ಹೆಚ್ಚಿನ ಅಭ್ಯಾಸ ನೀಡಲಾಯಿತು’ ಎಂದು ಬರೆದು ಸಹಿ ಪಡೆಯುತ್ತೇವೆ. ಹುಕ್ಕೇರಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಪಾಠಾಭ್ಯಾಸಕ್ಕೆ ಹೋದಾಗ ನಾನೂ ಹಾಗೆಯೇ ಬರೆದಿದ್ದೆ. ಆ ದಾಖಲೆಯಲ್ಲಿ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯ ಮುಂದೆ ‘ಓಮ್‌ನ ನಿಯಮ ಅರ್ಥವಾಗಿಲ್ಲ’ ಎಂದು ನಮೂದಿಸಿದ್ದೆ. ಅದು ತಪ್ಪು ಎಂದು ನನಗೆ ತಿಳಿದದ್ದು ಮೂಡಲಗಿಯ ಒಂದು ಗ್ಯಾರೇಜಿನಲ್ಲಿ, ನಮ್ಮ ಕಾಕಾನ ಹಳೆಯ ಕಾರಿನ ಮುಂದೆ ನಿಂತಾಗ. ಈ ಲೇಖನದಲ್ಲಿ ಮೊದಲು ಕಾರಿನ ದೋಷಪತ್ತೆಯ ಕ್ರಮವನ್ನು, ನಂತರ ಅದು ನನ್ನ ದಾಖಲೆಯನ್ನು ಹೇಗೆ ತಿದ್ದಿತು ಎಂಬುದನ್ನು ವಿವರಿಸುತ್ತೇನೆ.

ಕಾರು ಮತ್ತು ಅದರ ತೊಂದರೆ

ನಮ್ಮ ಭಾಗದ ಹಳ್ಳಿಗಳಲ್ಲಿ ಇಂದಿಗೂ ಕಾಣಸಿಗುವ ಮಾರುತಿ 800 ಅದು. 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದ ಈ ಮಾದರಿಯ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. 796 ಘನ ಸೆಂ.ಮೀ. ಸಾಮರ್ಥ್ಯದ, ಮೂರು ಸಿಲಿಂಡರುಗಳ ಎಂಜಿನ್. ಹಳೆಯ ಗಾಡಿಗಳಲ್ಲಿ ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವುದು ಕಾರ್ಬ್ಯುರೇಟರ್. ಕಾಕಾನದು ಅಂಥದ್ದೇ ಕಾರ್ಬ್ಯುರೇಟರ್ ಗಾಡಿ.

ಮಳೆಗಾಲದುದ್ದಕ್ಕೂ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಆಯಿಯ ಕಣ್ಣಿನ ಆಪರೇಶನ್ ಆದ ಮೇಲೆ ಗೋಕಾಕದ ಆಸ್ಪತ್ರೆಗೆ ಮೇಲಿಂದ ಮೇಲೆ ಹೋಗಬೇಕಾಯಿತು. ಕೀಲಿ ತಿರುಗಿಸಿದರೆ ‘ಟಕ್, ಟಕ್’ ಎಂಬ ಸದ್ದು ಮಾತ್ರ. ಕಾಕಾ ಹೊಸ ಬ್ಯಾಟರಿ ತಂದರು. ಕೆಲವು ದಿನ ಚಾಲೂ ಆಯಿತು, ಮತ್ತೆ ಸೆಲ್ಫ್ ಎಳೆಯಲಾರದೆ ನರಳತೊಡಗಿತು. ಚಾಲೂ ಆದ ದಿನವೂ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಬಂದ್ ಬೀಳುತ್ತಿತ್ತು. ಹೊಸ ಪ್ಲಗ್ ಹಾಕಿಸಿದ್ದಾಯಿತು. ಐಡ್ಲಿಂಗ್ ಸ್ಕ್ರೂ ತಿರುಗಿಸಿ ಎಂಜಿನ್ ವೇಗ ಏರಿಸಿದ್ದಾಯಿತು. ಆದರೂ ಗೋಕಾಕ ರಸ್ತೆಯಲ್ಲಿ ಎರಡು ಸಲ ಹಂಪಿನ ಮೇಲೆ ನಿಂತಿತು. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಹಾರ್ನ್, ಒಳಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಆಯಿ. “ನನಗ ಬಸ್ಸ ಬರೋಬ್ಬರಿ” ಎಂದು ಆಯಿ ಹೇಳಿಬಿಟ್ಟರು. ಕಾಕಾ ಗಾಡಿಯನ್ನು ಗುಜರಿಗೆ ಹಾಕುವ ಮಾತಾಡಿದರು.

ಗ್ಯಾರೇಜಿನಲ್ಲಿ ಕಾಕಾ ತಾವು ಬದಲಿಸಿದ ಸಾಮಾನುಗಳ ಪಟ್ಟಿ ಒಪ್ಪಿಸಿದರು. ಮಿಸ್ತ್ರಿಯವರು ಅದನ್ನೆಲ್ಲ ಕೇಳಿ, “ಅದಿರಲಿ ಕಾಕಾರ. ಗಾಡಿ ಯಾವಾಗ ಬಂದ್ ಬೀಳತೈತಿ? ಯಾವಾಗ ಬೀಳಂಗಿಲ್ಲ? ಅದನ್ನ ಹೇಳ್ರಿ” ಎಂದರು. ಎರಡನೆಯ ಪ್ರಶ್ನೆಯನ್ನು ನಾವು ಯಾರೂ ಕೇಳಿಕೊಂಡಿರಲಿಲ್ಲ. ಮುಂದಿನ ಎಲ್ಲ ಪರೀಕ್ಷೆಗಳೂ ಈ ಎರಡು ಪ್ರಶ್ನೆಗಳಿಂದಲೇ ಹುಟ್ಟಿದವು.

ಮೊದಲ ಕವಲು: ಎಂಜಿನ್ ತಿರುಗುತ್ತದೆಯೇ?

‘ಗಾಡಿ ಚಾಲೂ ಆಗುತ್ತಿಲ್ಲ’ ಎಂಬುದು ಒಂದೇ ದೂರಾದರೂ ಅದರೊಳಗೆ ಎರಡು ಬೇರೆ ಬೇರೆ ತೊಂದರೆಗಳಿವೆ. ಕೀಲಿ ತಿರುಗಿಸಿದಾಗ ಸೆಲ್ಫ್ ಎಂಜಿನ್ನನ್ನು ತಿರುಗಿಸುತ್ತಿಲ್ಲವಾದರೆ ದೋಷ ಬ್ಯಾಟರಿ, ತಂತಿ, ಜೋಡಣೆ ಅಥವಾ ಸೆಲ್ಫ್ ಮೋಟಾರಿನಲ್ಲಿದೆ. ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳುತ್ತಿಲ್ಲವಾದರೆ ಬ್ಯಾಟರಿಯನ್ನು ಬಿಟ್ಟು ಪೆಟ್ರೋಲ್, ಕಿಡಿ ಮತ್ತು ಒತ್ತಡದ ಕಡೆ ನೋಡಬೇಕು. ಸದ್ದನ್ನು ಗಮನವಿಟ್ಟು ಕೇಳಿದರೆ ಅರ್ಧದಷ್ಟು ಕಾರಣಗಳು ಅಲ್ಲೇ ಬಿದ್ದುಹೋಗುತ್ತವೆ.

ನಮ್ಮ ಗಾಡಿಯದು ಮೊದಲ ಬಗೆ. ಮಿಸ್ತ್ರಿಯವರು ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದರು: 12.6 ವೋಲ್ಟ್. ಪೂರ್ತಿ ಚಾರ್ಜ್ ಆದ ಬ್ಯಾಟರಿ ತೋರಿಸಬೇಕಾದದ್ದು ಇಷ್ಟೇ. ಆದರೆ ಸುಮ್ಮನೆ ಕುಳಿತ ಬ್ಯಾಟರಿಯ ವೋಲ್ಟೇಜ್ ನೋಡಿ ತೀರ್ಮಾನಿಸಬಾರದು, ಭಾರ ಹೊತ್ತಾಗ ನೋಡಬೇಕು. ಸೆಲ್ಫ್ ಹೊಡೆಯುವಾಗ ಅದು 10.6ಕ್ಕೆ ಇಳಿಯಿತು. ಸುಮಾರು 9.6ಕ್ಕಿಂತ ಕೆಳಗಿಳಿಯದಿದ್ದರೆ ಬ್ಯಾಟರಿ ಗಟ್ಟಿಯಿದೆ ಎಂದರ್ಥ. ಹಾಗಾದರೆ ಬ್ಯಾಟರಿಯಲ್ಲಿರುವ ಶಕ್ತಿ ಸೆಲ್ಫ್‌ಗೆ ಏಕೆ ತಲುಪುತ್ತಿಲ್ಲ?

ಅವರು ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಒತ್ತಿ, ಕಾಕಾಗೆ ಸೆಲ್ಫ್ ಹೊಡೆಯಲು ಹೇಳಿದರು. ಈ ಎರಡನ್ನೂ ಅರ್ಥಿಂಗ್ ಪಟ್ಟಿ ಜೋಡಿಸಿರುತ್ತದೆ, ಆದ್ದರಿಂದ ವಿಭವಾಂತರ ಸೊನ್ನೆಯ ಹತ್ತಿರವಿರಬೇಕು. ಮೀಟರ್ ತೋರಿಸಿದ್ದು 1.8 ವೋಲ್ಟ್. ಸಣ್ಣ ಕಾರಿನ ಸೆಲ್ಫ್ ಸುಮಾರು 100 ಆಂಪಿಯರ್ ಎಳೆಯುತ್ತದೆ ಎಂದು ಅಂದಾಜು ಮಾಡಿದರೆ, ಅರ್ಥಿಂಗ್ ದಾರಿಯ ರೋಧ = 1.8 ÷ 100 = 0.018 ಓಮ್.

0.018 ಓಮ್ ಎಂದರೆ ಏನೂ ಅಲ್ಲ ಎನಿಸುತ್ತದೆ. ಹೆಡ್‌ಲೈಟಿಗೆ ಅದು ಲೆಕ್ಕಕ್ಕೇ ಇಲ್ಲ: 5 ಆಂಪಿಯರ್ ಹರಿದರೆ ಅಲ್ಲಿ ಕಳೆಯುವುದು 0.09 ವೋಲ್ಟ್ ಮಾತ್ರ. ಆದ್ದರಿಂದಲೇ ದೀಪ, ಹಾರ್ನ್ ಎಲ್ಲವೂ ಸರಿಯಾಗಿದ್ದವು. 100 ಆಂಪಿಯರ್ ಹರಿಯುವಾಗ ಅದೇ ರೋಧ 1.8 ವೋಲ್ಟನ್ನು ನುಂಗಿ, ಸೆಲ್ಫ್‌ಗೆ 8.8 ವೋಲ್ಟ್ ಮಾತ್ರ ಬಿಡುತ್ತದೆ. ಅರ್ಥಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದಾಗ ಕೆಳಗೆ ತುಕ್ಕಿನ ಪದರವಿತ್ತು. ಉಜ್ಜಿ ಬಿಗಿದ ಮೇಲೆ ಅದೇ ಅಳತೆ 0.2 ವೋಲ್ಟಿಗೆ ಇಳಿಯಿತು. ಹೊಸ ಬ್ಯಾಟರಿ ಮಾಡಿದ್ದು ಇಷ್ಟೇ: ತನ್ನ ಹೊಸ ತಾಕತ್ತಿನಿಂದ ಆ ಅಡ್ಡಿಯನ್ನು ಕೆಲವು ದಿನ ಮುಚ್ಚಿಟ್ಟಿತ್ತು.

ಎರಡನೆಯ ಕವಲು: ತಿರುಗಿದರೂ ಹೊತ್ತಿಕೊಳ್ಳದಿದ್ದರೆ

ನಮ್ಮ ಗಾಡಿಗೆ ಈ ಹಂತ ಬೇಕಾಗಲಿಲ್ಲ. ಆದರೆ ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಇದೇ ಹೆಚ್ಚಾಗಿ ಕಾಣುವ ತೊಂದರೆಯಾದ್ದರಿಂದ ಕ್ರಮವನ್ನು ಹೇಳುತ್ತೇನೆ. ಎಂಜಿನ್ ಹೊತ್ತಿಕೊಳ್ಳಲು ನಾಲ್ಕು ಸಂಗತಿ ಬೇಕು: ತಕ್ಕ ಪ್ರಮಾಣದ ಗಾಳಿ-ಪೆಟ್ರೋಲ್ ಮಿಶ್ರಣ, ಅದನ್ನು ಎಂಟು-ಒಂಬತ್ತು ಪಟ್ಟು ಕುಗ್ಗಿಸುವ ಒತ್ತಡ, ಬಲವಾದ ಕಿಡಿ, ಮತ್ತು ಆ ಕಿಡಿ ಸರಿಯಾದ ಸಮಯಕ್ಕೆ ಬರುವುದು.

ಕೆಲ ಹೊತ್ತು ಸೆಲ್ಫ್ ಹೊಡೆದ ಮೇಲೆ ಪ್ಲಗ್ ಬಿಚ್ಚಿ ನೋಡುವುದೇ ಇಲ್ಲಿ ಮೊದಲ ಪರೀಕ್ಷೆ.

1. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕ್, ಫಿಲ್ಟರ್, ಪಂಪ್, ಕಾರ್ಬ್ಯುರೇಟರ್ ಈ ಕ್ರಮದಲ್ಲಿ ನೋಡಬೇಕು. ಎಂಜಿನ್ ಬಂದ್ ಇರುವಾಗ ಏರ್ ಫಿಲ್ಟರ್ ತೆಗೆದು, ಆಕ್ಸಿಲರೇಟರ್ ಒತ್ತಿದಾಗ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಚಿಮ್ಮುತ್ತದೆಯೇ ಎಂದು ನೋಡಿದರೆ, ಅಲ್ಲಿಯವರೆಗೆ ಪೆಟ್ರೋಲ್ ಬಂದಿದೆಯೋ ಇಲ್ಲವೋ ತಿಳಿಯುತ್ತದೆ.

2. ಪ್ಲಗ್ ಪೆಟ್ರೋಲಿನಿಂದ ತೊಯ್ದಿದ್ದರೆ ಪೆಟ್ರೋಲ್ ಬಂದಿದೆ, ಸುಡುತ್ತಿಲ್ಲ. ಕಿಡಿ ಇಲ್ಲ, ಅಥವಾ ಚೋಕ್ ಎಳೆದೇ ಇಟ್ಟು ಪೆಟ್ರೋಲ್ ಅತಿಯಾಗಿದೆ.

3. ಓಡಿದ ಗಾಡಿಯ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣವಿದ್ದರೆ ದಹನ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಬಿಳುಪೇರಿದ್ದರೆ ಗಾಳಿ ಹೆಚ್ಚು. ಎಣ್ಣೆಯ ಜಿಡ್ಡು ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ.

ಕಿಡಿಯ ಪರೀಕ್ಷೆಯನ್ನು ಮಿಸ್ತ್ರಿಗಳೇ ಮಾಡಬೇಕು. ಪ್ಲಗ್ಗಿಗೆ ಬರುವುದು ಸಾವಿರಾರು ವೋಲ್ಟ್, ಸುತ್ತ ಪೆಟ್ರೋಲಿನ ಆವಿ ಇರುತ್ತದೆ. ನೀಲಿ ಬಣ್ಣದ, ಚಟ್ ಎಂದು ಸದ್ದು ಮಾಡುವ ಕಿಡಿ ಬಲವಾದದ್ದು. ಹಳದಿಯಾಗಿ ತೆಳ್ಳಗಿದ್ದರೆ ದುರ್ಬಲ.

ಮೂರನೆಯ ಕವಲು: ಚಾಲೂ ಆಗಿ ನಿಲ್ಲುವ ಗಾಡಿ

ಅರ್ಥಿಂಗ್ ಸರಿಯಾದ ಮೇಲೆ ಗಾಡಿ ಒಂದೇ ಹೊಡೆತಕ್ಕೆ ಚಾಲೂ ಆಯಿತು. ಕಾಲು ತೆಗೆದರೆ ನಡುಗಿ ನಿಲ್ಲುವುದು ಮಾತ್ರ ಹಾಗೆಯೇ ಉಳಿಯಿತು. ಮಿಸ್ತ್ರಿಯವರು ಮೊದಲು ಮಾಡಿದ ಕೆಲಸ ನನಗೆ ವಿಚಿತ್ರವೆನಿಸಿತು. ನಾವು ತಿರುಗಿಸಿದ್ದ ಐಡ್ಲಿಂಗ್ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ಗಾಡಿಯನ್ನು ಇನ್ನಷ್ಟು ‘ಕೆಡಿಸಿದರು’. ಮೇಲಿನ ತೇಪೆ ಇರುವವರೆಗೂ ಒಳಗಿನ ದೋಷ ಕಾಣುವುದಿಲ್ಲ ಎಂಬುದು ಅವರ ಲೆಕ್ಕ.

ನಂತರ ಅದೇ ಎರಡು ಪ್ರಶ್ನೆ. ಕೆಡುವುದು ಯಾವಾಗ? ಕಾಲು ತೆಗೆದಾಗ. ಕೆಡದಿರುವುದು ಯಾವಾಗ? ರಸ್ತೆಯ ಮೇಲೆ ವೇಗವಾಗಿ ಓಡುವಾಗ. ಹಾಗಿದ್ದರೆ ಎರಡೂ ಸ್ಥಿತಿಗಳಲ್ಲಿ ಒಂದೇ ರೀತಿ ಕೆಲಸ ಮಾಡುವ ಭಾಗಗಳ ಮೇಲಿನ ಸಂಶಯ ಕಡಿಮೆಯಾಗುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ನಿಮಿಷಕ್ಕೆ ಸುಮಾರು 900 ಸುತ್ತಿನಲ್ಲಿ, ಮೂರು ಸಿಲಿಂಡರುಗಳೂ ಸೇರಿ ನಿಮಿಷಕ್ಕೆ 1,350 ಕಿಡಿ ಬೇಕು. 3,000 ಸುತ್ತಿನಲ್ಲಿ 4,500 ಕಿಡಿ ಬೇಕು. 4,500ನ್ನು ತಪ್ಪದೆ ಕೊಡುವ ಪ್ಲಗ್ಗುಗಳು 1,350ಕ್ಕೆ ಸೋಲುವ ಸಂಭವ ಕಡಿಮೆ. ಪ್ಲಗ್ ಬದಲಿಸುವ ಮುನ್ನ ನಾವು ಈ ಗುಣಾಕಾರವನ್ನೂ ಮಾಡಿರಲಿಲ್ಲ.

ಐಡ್ಲಿಂಗಿನಲ್ಲಿ ಮಾತ್ರ ಮುಖ್ಯವಾಗುವ ಸಂಗತಿಗಳು ಎರಡು. ಒಂದು, ಕಾರ್ಬ್ಯುರೇಟರಿನಲ್ಲಿ ಐಡ್ಲಿಂಗಿಗೆಂದೇ ಇರುವ ಸಣ್ಣ ದಾರಿ. ಸೂಜಿಮೊನೆಯಷ್ಟು ಕಚರಾ ಸಾಕು, ಅದು ಮುಚ್ಚಿಕೊಳ್ಳುತ್ತದೆ. ಇನ್ನೊಂದು, ಎಲ್ಲಿಂದಲೋ ನುಸುಳುವ ಹೆಚ್ಚುವರಿ ಗಾಳಿ. ಕಾಲು ತೆಗೆದಾಗ ಥ್ರಾಟಲ್ ಬಾಗಿಲು ಬಹುತೇಕ ಮುಚ್ಚಿರುತ್ತದೆ, ಪಿಸ್ಟನ್‌ಗಳು ಗಾಳಿಯನ್ನು ಎಳೆಯುತ್ತಲೇ ಇರುತ್ತವೆ. ಆದ್ದರಿಂದ ಒಳಹಾದಿಯಲ್ಲಿ ಒತ್ತಡ ಹೊರಗಿನ ವಾತಾವರಣಕ್ಕಿಂತ ಬಹಳ ಕಡಿಮೆಯಾಗುತ್ತದೆ. ಅಲ್ಲಿಗೆ ಜೋಡಿಸಿದ ರಬ್ಬರ್ ಪೈಪಿನಲ್ಲಿ ಸೀಳಿದ್ದರೆ ಹೊರಗಿನ ಗಾಳಿ ನುಗ್ಗುತ್ತದೆ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಐಡ್ಲಿಂಗಿನಲ್ಲಿ ಎಂಜಿನ್ನಿಗೆ 100 ಪಾಲು ಗಾಳಿ ಬೇಕು, ಸೀಳಿನಿಂದ 20 ಪಾಲು ಹೆಚ್ಚಿಗೆ ಬಂತು. ಅದು ಐದನೆಯ ಒಂದು ಭಾಗ, ಮಿಶ್ರಣ ತೆಳುವಾಗಿ ಎಂಜಿನ್ ನಡುಗುತ್ತದೆ. ಓಡುವಾಗ 800 ಪಾಲು ಗಾಳಿ ಬೇಕು. ಥ್ರಾಟಲ್ ತೆರೆದಿರುವುದರಿಂದ ಒಳಗಿನ ಒತ್ತಡ ಏರಿ ಸೀಳಿನ ಗಾಳಿ 20ಕ್ಕಿಂತ ಕಡಿಮೆಯಾಗುತ್ತದೆ. 20 ಎಂದೇ ಹಿಡಿದರೂ ಅದು ನೂರಕ್ಕೆ ಎರಡೂವರೆ ಪಾಲು. ಎಂಜಿನ್ನಿಗೆ ಗೊತ್ತೇ ಆಗುವುದಿಲ್ಲ. ಸೀಳು ಅದೇ ಇದೆ, ಸ್ಥಿತಿ ಅದನ್ನು ಮುಚ್ಚುತ್ತದೆ.

ಎರಡರಲ್ಲಿ ಯಾವುದು? ಮಿಸ್ತ್ರಿಯವರು ಎಂಜಿನ್ ನಡುಗುತ್ತಿರುವಾಗಲೇ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಪಕ್ಕಡಿನಿಂದ ಅಮುಕುತ್ತ ಬಂದರು. ಒಂದನ್ನು ಬಿಟ್ಟ ಮೇಲೆಯೇ ಇನ್ನೊಂದು. ಮೂರನೆಯದನ್ನು ಅಮುಕಿದಾಗ ನಡುಕ ನಿಂತಿತು, ಬಿಟ್ಟಾಗ ಮರಳಿತು. ಎರಡು ಸಲ ಹಾಗೆ ಮಾಡಿ ಖಾತ್ರಿಪಡಿಸಿಕೊಂಡರು. ಪೈಪಿನ ತುದಿಯಲ್ಲಿ, ಕಣ್ಣಿಗೆ ಬೀಳದ ಕೆಳಮಗ್ಗುಲಲ್ಲಿ ಬಿರುಕಿತ್ತು. ಅರ್ಧ ಗೇಣು ಹೊಸ ಪೈಪ್ ಹಾಕಿ, ಸ್ಕ್ರೂ ಸರಿಮಾಡಿದ ಮೇಲೆ ಗಾಡಿ ಕಾಲು ತೆಗೆದರೂ ನಿಂತಲ್ಲೇ ಗುನುಗುಟ್ಟತೊಡಗಿತು.

ಎಥನಾಲಿನ ಮೇಲಿನ ಸಂಶಯ

ಕಾಕಾನ ತಕರಾರು ಬೇರೆಯಿತ್ತು: “ಎಲ್ಲಾ ಈ ಎಥನಾಲ್ ಪೆಟ್ರೋಲಿನ ಕಾರಭಾರ.” ಈ ಸಂಶಯಕ್ಕೆ ಬುಡವಿಲ್ಲದಿಲ್ಲ. ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟ ದೇಶದಲ್ಲಿ 2023ರ ಫೆಬ್ರವರಿಯಲ್ಲಿ ಆರಂಭವಾಗಿ ಈಗ ಎಲ್ಲೆಡೆ ಹರಡಿದೆ. ಕಬ್ಬು ಬೆಳೆಯುವ ನಮ್ಮ ಜಿಲ್ಲೆಗೆ ಅದು ಹತ್ತಿರದ ವಿಷಯ. ಒಂದು ಕಿ.ಗ್ರಾಂ ಪೆಟ್ರೋಲ್ ಪೂರ್ಣವಾಗಿ ಸುಡಲು ಸುಮಾರು 14.7 ಕಿ.ಗ್ರಾಂ ಗಾಳಿ ಬೇಕು, ಎಥನಾಲಿಗೆ ಸುಮಾರು 9 ಸಾಕು. ಆದ್ದರಿಂದ ಬರೀ ಪೆಟ್ರೋಲಿಗೆ ಹೊಂದಿಸಿದ ಹಳೆಯ ಕಾರ್ಬ್ಯುರೇಟರಿನಲ್ಲಿ ಈ ಮಿಶ್ರಣ ತುಸು ತೆಳುವಾಗುತ್ತದೆ. ಎಥನಾಲ್ ಆವಿಯಾಗಲು ಹೆಚ್ಚು ಶಾಖ ಹೀರುವುದರಿಂದ ಚಳಿಯಲ್ಲಿ ಚಾಲೂ ಆಗುವುದು ಕಷ್ಟವಾಗಬಹುದು. ಅದು ನೀರನ್ನೂ ಹೀರುತ್ತದೆ. ನೀರು ಹೆಚ್ಚಾದರೆ ನೀರು-ಎಥನಾಲ್ ಪದರ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಗೆ ಇದು ತೊಡಕೇ.

ಆದರೆ ಆಗಬಹುದಾದದ್ದು ಬೇರೆ, ಈ ಗಾಡಿಯಲ್ಲಿ ಆಗಿರುವುದು ಬೇರೆ. ಪೈಪ್ ಬದಲಿಸುವ ಮೊದಲೇ ಮಿಸ್ತ್ರಿಯವರು ಬೇರೆ ಡಬ್ಬಿಯ ಹೊಸ ಪೆಟ್ರೋಲನ್ನು ಪಂಪಿಗೆ ಜೋಡಿಸಿ ನೋಡಿದ್ದರು. ನಡುಕ ಹಾಗೆಯೇ ಇತ್ತು. ಪೈಪ್ ಅಮುಕಿದಾಗ, ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲೇ ಇದ್ದರೂ, ನಡುಕ ನಿಂತಿತು. ಪತ್ರಿಕೆಯಲ್ಲಿ ಓದಿದ ಕಾರಣವನ್ನು ಕಣ್ಣ ಮುಂದಿನ ಗಾಡಿಗೆ ಅಂಟಿಸುವ ಮುನ್ನ ಇಂಥ ಒಂದು ಪರೀಕ್ಷೆ ಬೇಕು.

ತರಗತಿಗೆ ಮರಳಿದಾಗ

ಮರುವಾರ ‘ವಿದ್ಯುಚ್ಛಕ್ತಿ’ ಘಟಕದಲ್ಲಿ ಇದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದೆ: 1.8 ವೋಲ್ಟ್, 100 ಆಂಪಿಯರ್, ರೋಧವೆಷ್ಟು? ಆ ವಿದ್ಯಾರ್ಥಿನಿ ಬರೆದ ಉತ್ತರ 55.5 ಓಮ್. ಹಿಂದಿನ ನಾನಾಗಿದ್ದರೆ ಇನ್ನೂ ಇಪ್ಪತ್ತು ಲೆಕ್ಕ ಕೊಡುತ್ತಿದ್ದೆ. ಅದು ಬ್ಯಾಟರಿಯ ಮೇಲೆ ಬ್ಯಾಟರಿ ಬದಲಿಸಿದಂತೆ. ಈ ಸಲ ಅವಳ ನೋಟ್‌ಪುಸ್ತಕ ತೆರೆದು, ಅವಳ ಲೆಕ್ಕ ಯಾವಾಗ ತಪ್ಪುವುದಿಲ್ಲ ಎಂದು ಹುಡುಕಿದೆ. 12 ವೋಲ್ಟ್, 3 ಆಂಪಿಯರ್: ಸರಿ. 220 ವೋಲ್ಟ್, 5 ಆಂಪಿಯರ್: ಸರಿ. ಸೂತ್ರ ಗೊತ್ತಿತ್ತು.

ಹನ್ನೆರಡು ಪ್ರಶ್ನೆಗಳ ನೈದಾನಿಕ ಪರೀಕ್ಷೆ ಮಾಡಿದೆ. ನಾಲ್ಕು ಗುಂಪು, ಗುಂಪಿಗೆ ಮೂರು. ಪ್ರತಿ ಗುಂಪಿನಲ್ಲೂ ಒಂದೇ ಸಂಗತಿಯನ್ನು ಬದಲಿಸಿದೆ.

ಅ) ವೋಲ್ಟ್ ದೊಡ್ಡದು, ಆಂಪಿಯರ್ ಸಣ್ಣದು, ಪೂರ್ಣಾಂಕ: ಮೂರೂ ಸರಿ.
ಆ) ವೋಲ್ಟ್ ದೊಡ್ಡದು, ಆದರೆ ದಶಮಾಂಶ: ಎರಡು ಸರಿ.
ಇ) ವೋಲ್ಟ್ ಸಣ್ಣದು, ಆಂಪಿಯರ್ ದೊಡ್ಡದು: ಒಂದೂ ಸರಿಯಿಲ್ಲ.
ಈ) ವಿದ್ಯುತ್ತೇ ಇಲ್ಲ, 1 ÷ 4, 3 ÷ 10 ಇಂಥ ಭಾಗಾಕಾರ: ಒಂದೂ ಸರಿಯಿಲ್ಲ.

‘ಅ’ ಗುಂಪು ಓಮ್‌ನ ನಿಯಮವನ್ನು ಸಂಶಯದಿಂದ ಬಿಡಿಸಿತು. ‘ಆ’ ಗುಂಪು ದಶಮಾಂಶವನ್ನು ಬಹುಮಟ್ಟಿಗೆ ಬಿಡಿಸಿತು. ‘ಇ’ ಮತ್ತು ‘ಈ’ ಬೆರಳು ತೋರಿಸಿದ್ದು ಒಂದೇ ಕಡೆ. ಅವಳನ್ನು ಕೇಳಿದೆ. “ಸಣ್ಣದರಾಗ ದೊಡ್ಡದು ಹೆಂಗ ಹೋಗತೈತ್ರಿ ಅಕ್ಕೋರ? ಅದಕ್ಕ ದೊಡ್ಡದನ್ನ ಮ್ಯಾಲ ಬರದ್ನಿ” ಎಂದಳು. ಭಾಗಾಕಾರದಲ್ಲಿ ಯಾವಾಗಲೂ ದೊಡ್ಡ ಸಂಖ್ಯೆಯನ್ನೇ ಭಾಗಿಸಬೇಕು ಎಂಬ ನಂಬಿಕೆ ಕೆಳಗಿನ ತರಗತಿಗಳಿಂದಲೂ ಅವಳ ಜೊತೆ ಬಂದಿತ್ತು. ನಾನು ಅಭ್ಯಾಸಕ್ಕೆ ಕೊಟ್ಟ ಲೆಕ್ಕಗಳಲ್ಲಿ ವೋಲ್ಟೇ ದೊಡ್ಡದಾಗಿದ್ದುದರಿಂದ ಅವಳ ನಂಬಿಕೆಯೂ ಸೂತ್ರವೂ ಒಂದೇ ಉತ್ತರ ಕೊಡುತ್ತಿದ್ದವು. ವೇಗವಾಗಿ ಓಡುವಾಗ ಪೈಪಿನ ಸೀಳು ಮುಚ್ಚಿಹೋದಂತೆ, ನಾನು ಆರಿಸಿದ ಸಂಖ್ಯೆಗಳೇ ಅವಳ ದೋಷವನ್ನು ಮುಚ್ಚಿದ್ದವು.

ಪರಿಹಾರ ಬೋಧನೆಗೆ ಎರಡು ಅವಧಿ ಸಾಕಾಯಿತು. ಓಮ್‌ನ ನಿಯಮವನ್ನು ಮುಟ್ಟಲೇ ಇಲ್ಲ. ಒಂದು ರೊಟ್ಟಿಯನ್ನು ನಾಲ್ಕು ಮಂದಿಗೆ ಹಂಚಿದೆವು. ಒಂದು ರೂಪಾಯಿಯನ್ನು ನೂರು ಮಂದಿಗೆ ಹಂಚಿ ಒಂದು ಪೈಸೆಗೆ ಬಂದೆವು. 1.8 ರೂಪಾಯಿ ಎಂದರೆ 180 ಪೈಸೆ. ನೂರು ಮಂದಿಗೆ ತಲಾ 1.8 ಪೈಸೆ, ಅಂದರೆ 0.018 ರೂಪಾಯಿ. ಮರುಪರೀಕ್ಷೆಯಲ್ಲಿ ‘ಇ’ ಗುಂಪಿನ ಮೂರರಲ್ಲಿ ಎರಡು ಸರಿಯಾದವು. ಮೂರನೆಯದು ಇನ್ನೂ ಬಾಕಿ ಇದೆ. ಆದರೆ ಅಂದು ಅವಳು ಕೇಳಿದ ಪ್ರಶ್ನೆ ಅಂಕಗಳಿಗಿಂತ ಹೆಚ್ಚು ಹೇಳಿತು: “ಹಂಗಾರ 55 ಓಮ್ ಇದ್ರ ಸೆಲ್ಫ್ ತಿರಗತಿತ್ತೇನ್ರಿ?” ತಾನೇ ಭಾಗಿಸಿದಳು. 12 ÷ 55, ಸುಮಾರು 0.2 ಆಂಪಿಯರ್. “ಇಲ್ರಿ, ಹಂದೂದೂ ಇಲ್ಲ” ಎಂದು ತಾನೇ ನಕ್ಕಳು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಬಳಸುವವರು ಸುರಕ್ಷತೆಯನ್ನು ಮರೆಯಬಾರದು. ತರಗತಿಗೆ ಮಲ್ಟಿಮೀಟರ್, ಟಾರ್ಚ್ ಸೆಲ್ಲುಗಳು, ಸಣ್ಣ ಬಲ್ಬು ಮತ್ತು ತುಕ್ಕು ಹಿಡಿದ ಒಂದು ಜೋಡಣೆ ಸಾಕು, ವಿಭವಪಾತ ಕಾಣುತ್ತದೆ. ಪೆಟ್ರೋಲನ್ನು ತರಗತಿಗೆ ತರಬಾರದು. ಗಾಡಿಯನ್ನೇ ತೋರಿಸುವುದಾದರೆ ಬಯಲಿನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಮಕ್ಕಳನ್ನು ದೂರ ನಿಲ್ಲಿಸಿ ತೋರಿಸಬೇಕು. ತಿರುಗುವ ಬೆಲ್ಟಿನ ಹತ್ತಿರ ದುಪಟ್ಟಾ, ಸೆರಗು, ಜಡೆ ಸುಳಿಯಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ.

ಇನ್ನು ದಾಖಲೆಯ ಬಗ್ಗೆ. ನಮ್ಮ ನೈದಾನಿಕ ಪರೀಕ್ಷೆಯ ಕೋಷ್ಟಕದಲ್ಲಿ ವಿದ್ಯಾರ್ಥಿಯ ಹೆಸರು, ತಪ್ಪಾದ ಪ್ರಶ್ನೆ, ಸಂಭಾವ್ಯ ಕಾರಣ, ಪರಿಹಾರ ಎಂಬ ಅಂಕಣಗಳಿವೆ. ‘ಇದೇ ಕೌಶಲ ಯಾವಾಗ ತಪ್ಪುವುದಿಲ್ಲ?’ ಎಂಬ ಇನ್ನೊಂದು ಅಂಕಣವನ್ನು ನಾನು ಕೈಯಿಂದ ಗೆರೆ ಎಳೆದು ಸೇರಿಸಿದ್ದೇನೆ. ಅದನ್ನು ತುಂಬದೆ ಕಾರಣದ ಅಂಕಣಕ್ಕೆ ಹೋಗಬಾರದೆಂದು ನಿಯಮ ಮಾಡಿಕೊಂಡಿದ್ದೇನೆ. ಆ ವಿದ್ಯಾರ್ಥಿನಿಯ ಸಾಲಿನಲ್ಲಿ ‘ಓಮ್‌ನ ನಿಯಮ ಅರ್ಥವಾಗಿಲ್ಲ’ ಎಂದಿದ್ದುದನ್ನು ಹೊಡೆದುಹಾಕಿ, ತಿದ್ದಿದ್ದಕ್ಕೆ ಉಪನ್ಯಾಸಕರ ಸಹಿ ಪಡೆದೆ. ಆಯಿ ಈಗ ಗೋಕಾಕಕ್ಕೆ ಮತ್ತೆ ಕಾರಿನಲ್ಲೇ ಹೋಗುತ್ತಾರೆ, ಆದರೆ ಹಂಪು ಬಂದಾಗ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದನ್ನು ಇನ್ನೂ ಬಿಟ್ಟಿಲ್ಲ.